ಮನುಷ್ಯರ ಸೆಲ್‌ಗೆ ಅಂತ ಮಾಡಿದ ಆಂಟಿಬಾಡಿ ಆಡಿನ ಸೆಲ್‌ಗೆ ಅಂಟುತ್ತಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಲಿ, ಸೆಲ್‌ಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸೋ ಫ್ಲೋ ಸೈಟೋಮೀಟರ್ ಅನ್ನೋ ಮಷೀನ್ ಬಗ್ಗೆ ಅರ್ಧ ಪುಟ ಬರೆದಿದ್ದೆ, ಪಶುವೈದ್ಯರೂ ಸ್ಟೆಮ್ ಸೆಲ್ ಸಂಶೋಧನೆಯವರೂ ಒಂದೇ ಮಷೀನ್ ಮುಂದೆ ಕ್ಯೂ ನಿಂತಿರ್ತಾರೆ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರಲಿಲ್ಲ. ಹಸು ಸಾಕಿದವರು, ನಾಯಿ ಸಾಕಿದವರು, ಎಂವಿಎಸ್ಸಿ (ಪಶುವೈದ್ಯಕೀಯ ಸ್ನಾತಕೋತ್ತರ) ಮಾಡ್ತಿರೋರು ಎಲ್ಲರೂ ಬರೆದಿದ್ದಾರೆ. ಕೆಲವನ್ನ ಆರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಸರ್, ಲೇಸರ್, ಡಿಟೆಕ್ಟರ್, ಗೇಟಿಂಗ್ ಅಂತೆಲ್ಲ ಬರೆದ್ರಿ, ತಲೆ ಬುಡ ಅರ್ಥ ಆಗಲಿಲ್ಲ. ಸಿಂಪಲ್ಲಾಗಿ ಹೇಳಿ. – ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ತಪ್ಪು ನಂದೇ ಬಿಡಮ್ಮ. ಕುರಿ ಕಾಯೋರು ಸಂಜೆ ಹಟ್ಟಿಗೆ ಕುರಿ ಬಿಡೋದು ನೋಡಿದೀಯಾ, ಗೇಟು ಪೂರ್ತಿ ತೆಗೆಯಲ್ಲ, ಒಂದು ಕುರಿ ಹೋಗೋಷ್ಟು ಸಂದಿ ಬಿಟ್ಟು ಪಕ್ಕದಲ್ಲಿ ನಿಂತು ಎಣಿಸ್ತಾರೆ, ಎಣಿಸ್ತಾನೇ ಯಾವುದು ಕುಂಟ್ತಿದೆ ಯಾವುದಕ್ಕೆ ಬಣ್ಣದ ಗುರುತಿದೆ ಅಂತಾನೂ ನೋಡ್ಕೋತಾರೆ. ಈ ಮಷೀನ್ ಮಾಡೋದೂ ಅದೇ. ರಕ್ತಾನೋ ಮೂಳೆಮಜ್ಜೆನೋ ದ್ರವದಲ್ಲಿ ಬಿಡಿಬಿಡಿ ಸೆಲ್ ಮಾಡಿ ಒಳಗೆ ಬಿಟ್ರೆ, ಸುತ್ತಲೂ ಉಪ್ಪುನೀರು ಜೋರಾಗಿ ಹರಿದು ನಡುವಿನ ಧಾರೆಯನ್ನ ಒತ್ತಿ ಎಳೆ ಥರ ಸಣ್ಣ ಮಾಡುತ್ತೆ, ಸೆಲ್‌ಗಳು ಒಂದರ ಹಿಂದೆ ಒಂದು ಲೇಸರ್ ಮುಂದೆ ಹಾದು ಹೋಗ್ತವೆ. ನೇರಕ್ಕೆ ಚದುರಿದ ಬೆಳಕು ಸೆಲ್‌ನ ಗಾತ್ರದ ಅಂದಾಜು ಕೊಡುತ್ತೆ, ಪಕ್ಕಕ್ಕೆ ಚದುರಿದ್ದು ಒಳಗೆ ಎಷ್ಟು ಕಾಳುಕಾಳಾಗಿದೆ ಅಂತ ಹೇಳುತ್ತೆ. ಬಣ್ಣದ ಗುರುತು ಅಂದ್ನಲ್ಲ, ಅದು ಆಂಟಿಬಾಡಿ. ಸೆಲ್ ಮೈಮೇಲಿರೋ ಒಂದು ಪ್ರೋಟೀನ್‌ಗೆ ಮಾತ್ರ ಅಂಟೋ ಆಂಟಿಬಾಡಿಗೆ ಹೊಳೆಯೋ ಡೈ ಕಟ್ಟಿರ್ತಾರೆ. 488 ನ್ಯಾನೋಮೀಟರ್‌ನ ನೀಲಿ ಲೇಸರ್ ಬಿದ್ದಾಗ ಫಿಟ್ಸಿ ಅನ್ನೋ ಡೈ ಹಸಿರಾಗಿ ಹೊಳೆಯುತ್ತೆ. ಹೊಳೆದ್ರೆ ಆ ಪ್ರೋಟೀನ್ ಇದೆ, ಇಲ್ದಿದ್ರೆ ಇಲ್ಲ. ಹತ್ತು ಸಾವಿರ ಸೆಲ್ ನೋಡೋಕೆ ಕೆಲವೇ ಸೆಕೆಂಡ್ ಸಾಕು. ಸ್ಕ್ರೀನ್ ಮೇಲೆ ಒಂದೊಂದು ಸೆಲ್ಲೂ ಒಂದು ಚುಕ್ಕಿ, ಬೇಕಾದ ಚುಕ್ಕಿ ಗುಂಪಿನ ಸುತ್ತ ಮೌಸಲ್ಲಿ ಬೇಲಿ ಹಾಕೋದೇ ಗೇಟಿಂಗ್.

ಬರೀ ಎಣಿಸೋದಲ್ಲದೆ ಬೇಕಾದ್ದನ್ನ ಬೇರೆ ಮಾಡಿ ಕೊಡೋ ಮಷೀನೂ ಇದೆ, ಅದು ಸಾರ್ಟರ್. ಧಾರೆಯನ್ನ ಗಡಗಡ ನಡುಗಿಸಿ ಹನಿ ಮಾಡಿ, ಬೇಕಾದ ಸೆಲ್ ಇರೋ ಹನಿಗೆ ವಿದ್ಯುತ್ ಚಾರ್ಜ್ ಕೊಟ್ಟು, ಎರಡು ಪ್ಲೇಟ್ ನಡುವೆ ಅದನ್ನ ಆ ಕಡೆ ಈ ಕಡೆ ಎಳೆದು ಬೇರೆಬೇರೆ ಟ್ಯೂಬಿಗೆ ಬೀಳಿಸುತ್ತೆ. ಇದನ್ನ 1965ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಮ್ಯಾಕ್ ಫುಲ್ವೈಲರ್ ಅನ್ನೋರು ಮಾಡಿ ತೋರಿಸಿದ್ರು, ಹನಿಗೆ ಚಾರ್ಜ್ ಕೊಡೋ ಐಡಿಯಾ ಬಂದಿದ್ದು ಇಂಕ್‌ಜೆಟ್‌ನಿಂದ. ತಮಾಷೆ ಏನಪ್ಪಾ ಅಂದ್ರೆ ಅವರು ಬೇರೆ ಮಾಡಿ ತೋರಿಸಿದ ಮೊದಮೊದಲ ಬೆರಕೆಗಳಲ್ಲಿ ಒಂದು ಮನುಷ್ಯರ ಕೆಂಪು ರಕ್ತಕಣ ಮತ್ತು ಇಲಿಯ ಕೆಂಪು ರಕ್ತಕಣದ್ದು. ಅಂದ್ರೆ ಈ ವಿದ್ಯೆ ಹುಟ್ಟಿದಾಗಲೇ ಪ್ರಾಣಿ ಜೊತೆಲಿತ್ತು. ಆಮೇಲೆ ಸ್ಟ್ಯಾನ್‌ಫರ್ಡ್‌ನ ಲೆನ್ ಹರ್ಜನ್‌ಬರ್ಗ್ ಅದಕ್ಕೆ ಹೊಳೆಯೋ ಡೈ ಸೇರಿಸಿ ಈಗಿನ ರೂಪಕ್ಕೆ ತಂದ್ರು.

ಪ್ರಶ್ನೆ: ಹೆಣ್ಣುಕರುವೇ ಹುಟ್ಟೋ ಇಂಜೆಕ್ಷನ್ ಅಂತ ಡಾಕ್ಟ್ರು ಹೇಳ್ತಾರೆ. ಅದಕ್ಕೂ ನೀವು ಬರೆದ ಮಷೀನ್‌ಗೂ ಸಂಬಂಧ ಇದೆ ಅಂದ್ರು. ನಿಜಾನಾ? ದುಡ್ಡು ಜಾಸ್ತಿ, ಕಟ್ಟಬಹುದಾ? – ಹೈನುಗಾರರು, ಮಾಲೂರು ತಾಲೂಕು

ನಿಜ. ಹಳ್ಳಿಗೆ ಫ್ಲೋ ಸೈಟೋಮೀಟರ್ ಬಂದು ತಲುಪಿರೋದೇ ಆ ಕಡ್ಡಿ, ಅಂದ್ರೆ ವೀರ್ಯ ತುಂಬಿದ ಸಣ್ಣ ಕೊಳವೆ, ಅದರ ರೂಪದಲ್ಲಿ. ಹೋರಿಯ ವೀರ್ಯಾಣುಲಿ ಎಕ್ಸ್ ಕ್ರೋಮೋಸೋಮ್ ಹೊತ್ತಿರೋದಕ್ಕೆ (ಅದರಿಂದ ಹೆಣ್ಣುಕರು) ವೈ ಹೊತ್ತಿರೋದಕ್ಕಿಂತ (ಅದರಿಂದ ಗಂಡು) ಡಿಎನ್‌ಎ ಸುಮಾರು ನೂರಕ್ಕೆ 3.8ರಷ್ಟು ಜಾಸ್ತಿ ಇರುತ್ತೆ. ಅಷ್ಟೇ ವ್ಯತ್ಯಾಸ, ನೋಡೋಕೆ ಎರಡೂ ಒಂದೇ. ಹೋಕ್ಸ್ಟ್ 33342 ಅನ್ನೋ ಡೈ ಜೀವಂತ ವೀರ್ಯಾಣು ಒಳಗೆ ಹೋಗಿ ಡಿಎನ್‌ಎಗೆ ಕಚ್ಚಿಕೊಳ್ಳುತ್ತೆ, ಅಲ್ಟ್ರಾವೈಲೆಟ್ ಲೇಸರ್ ಬಿದ್ರೆ ನೀಲಿ ಹೊಳಪು, ಎಕ್ಸ್ ಇರೋದು ಕೂದಲೆಳೆಯಷ್ಟು ಜಾಸ್ತಿ ಹೊಳೆಯುತ್ತೆ, ಅದನ್ನ ನೋಡಿ ಬೇರೆ ಮಾಡ್ತಾರೆ. ವೀರ್ಯಾಣು ತಲೆ ಚಪ್ಪಟೆ ಇರೋದ್ರಿಂದ ಅಡ್ಡ ತಿರುಗಿದ್ರೆ ಹೊಳಪಿನ ಲೆಕ್ಕ ತಪ್ಪುತ್ತೆ, ಅದಕ್ಕೆ ನಾಜಲ್ ಆಕಾರಾನೇ ಬದಲಾಯಿಸಿ ಎಲ್ಲವೂ ಒಂದೇ ಕಡೆ ಮುಖ ಮಾಡಿ ಹೋಗೋ ಹಾಗೆ ಮಾಡಬೇಕಾಯ್ತು. ಇದನ್ನ ಸಾಧ್ಯ ಮಾಡಿದ್ದು ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದ ಲಾರೆನ್ಸ್ ಜಾನ್ಸನ್ ತಂಡ, 1989ರಲ್ಲಿ ಮೊದಲು ಮೊಲದಲ್ಲಿ ಮರಿ ಹಾಕಿಸಿ ತೋರಿಸಿದ್ರು. ಬಹಳ ಕಾಲ ಈ ತಂತ್ರಜ್ಞಾನ ಅಮೆರಿಕದ ಕಂಪನಿಗಳ ಪೇಟೆಂಟ್ ಕೈಲಿತ್ತು, ಕಡ್ಡಿ ದುಬಾರಿ ಆಗೋಕೆ ಅದೂ ಒಂದು ಕಾರಣ. ನಮ್ಮ ದೇಶದ್ದೇ ತಂತ್ರಜ್ಞಾನ ಅಂತ 2024ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ವಾಶಿಮ್‌ನಲ್ಲಿ ಬಿಡುಗಡೆ ಆಯ್ತು.

ಕಟ್ಟಬಹುದಾ ಅಂದ್ರೆ, ಹೂಂ, ಆದ್ರೆ ಎಲ್ಲ ಹಸುಗೂ ಅಲ್ಲ. ಸುಮಾರು ನೂರಕ್ಕೆ 90 ಹೆಣ್ಣುಕರು ಅಂತಾರೆ, ಅದು ಗರ್ಭ ನಿಂತ ಮೇಲಿನ ಮಾತು. ನಿಲ್ಲೋದೇ ಮಾಮೂಲಿ ಕಡ್ಡಿಗಿಂತ ಒಂದು ಮಟ್ಟ ಕಮ್ಮಿ. ಯಾಕಂದ್ರೆ ಮಾಮೂಲಿ ಕಡ್ಡಿಲಿ 2 ಕೋಟಿ ವೀರ್ಯಾಣು ಇದ್ರೆ ಇದರಲ್ಲಿ 20 ಲಕ್ಷದಿಂದ 40 ಲಕ್ಷ ಅಷ್ಟೇ, ಅವೂ ಡೈ ಕುಡಿದು ಲೇಸರ್ ಏಟು ತಿಂದು ಒತ್ತಡದಲ್ಲಿ ಚಿಮ್ಮಿ ಬಂದು ಸುಸ್ತಾಗಿರೋವು. ಹಾಗಾಗಿ ಆರೋಗ್ಯವಾಗಿರೋ ಪಡ್ಡೆಗಳಿಗೆ, ಬೆದೆ ಸರಿಯಾಗಿ ಕಂಡಾಗ, ಕೈ ಪಳಗಿದವರಿಂದ ಕಟ್ಟಿಸಿ. ಎರಡು ಮೂರು ಸಲ ತಿರುಗಿ ಬೆದೆಗೆ ಬಂದಿರೋ ಹಸುಗೆ ಕಟ್ಟಿಸಿ ಆಮೇಲೆ ಕಡ್ಡಿ ಸರಿಯಿಲ್ಲ ಅನ್ನಬೇಡಿ. ಸಬ್ಸಿಡಿ ಎಷ್ಟಿದೆ ಅಂತ ನಿಮ್ಮ ಡೈರಿ ಸೆಕ್ರೆಟರಿನೋ ಪಶು ಆಸ್ಪತ್ರೆಲೋ ವಿಚಾರಿಸಿ, ಅದು ವರ್ಷವರ್ಷಕ್ಕೂ ಬದಲಾಗುತ್ತೆ.

ಪ್ರಶ್ನೆ: ಹಸುಗೆ ಆಗುತ್ತೆ ಅಂದ್ಮೇಲೆ ಮನುಷ್ಯರಿಗೂ ಆಗುತ್ತಾ? – ಹೆಸರು, ಊರು ಬೇಡ

ಹೆಸರು ಬೇಡ ಅಂದಿದ್ದು ಒಳ್ಳೇದೇ ಆಯ್ತು. ತಾಂತ್ರಿಕವಾಗಿ ಆಗುತ್ತೆ, ಮನುಷ್ಯರಲ್ಲಿ ವ್ಯತ್ಯಾಸ ಇನ್ನೂ ಕಮ್ಮಿ, ನೂರಕ್ಕೆ 2.8, ಅಮೆರಿಕದಲ್ಲಿ ಮೈಕ್ರೋಸಾರ್ಟ್ ಅನ್ನೋ ಹೆಸರಲ್ಲಿ ಮಾಡಿಯೂ ನೋಡಿದ್ರು. ನಮ್ಮಲ್ಲಿ ಅದು ಅಪರಾಧ. ಗರ್ಭದಲ್ಲಿರೋ ಮಗುವಿನ ಲಿಂಗ ಪತ್ತೆ ಮಾತ್ರ ಅಲ್ಲ, ಗರ್ಭಧಾರಣೆಗೆ ಮೊದಲೇ ಲಿಂಗ ಆರಿಸೋದೂ ಕಾನೂನಲ್ಲಿ ನಿಷಿದ್ಧ. ಮುಂದಿನ ಪ್ರಶ್ನೆ.

ಪ್ರಶ್ನೆ: ನಾನು ಆಡಿನ ಮೂಳೆಮಜ್ಜೆಯಿಂದ ಮೆಸೆಂಕೈಮಲ್ ಸ್ಟೆಮ್ ಸೆಲ್ (ಎಂಎಸ್‌ಸಿ, ಮೂಳೆ, ಕೊಬ್ಬು, ಮೃದ್ವಸ್ಥಿ ಆಗಬಲ್ಲ ಮೂಲ ಸೆಲ್) ಬೆಳೆಸ್ತಿದೀನಿ. ಗೈಡ್ ಹೇಳಿದ್ರು ಅಂತ ಮನುಷ್ಯರ ಎಂಎಸ್‌ಸಿ ಕಿಟ್ ತರಿಸಿ ಫ್ಲೋ ಮಾಡಿಸಿದೆ. ಸೆಲ್ ಮೈಮೇಲಿನ ಗುರುತು ಪ್ರೋಟೀನ್‌ಗಳಲ್ಲಿ ಸಿಡಿ 44 ಪಾಸಿಟಿವ್ ಬಂತು, ಸಿಡಿ 73, 90, 105 ಎಲ್ಲ ನೆಗೆಟಿವ್. ನನ್ನ ಸೆಲ್‌ಗಳು ಸ್ಟೆಮ್ ಸೆಲ್ ಅಲ್ವಾ? ಎಂಟು ತಿಂಗಳ ಕೆಲಸ ಸರ್. – ಸಂಶೋಧನಾ ವಿದ್ಯಾರ್ಥಿನಿ, ಬೀದರ್

ಅಳಬೇಡಿ. ನಿಮ್ಮ ಸೆಲ್ ಸರಿಯಾಗೇ ಇರಬಹುದು, ಆಂಟಿಬಾಡಿಗೆ ಆಡಿನ ಭಾಷೆ ಬರಲ್ಲ ಅಷ್ಟೇ.

ಬಿಡಿಸಿ ಹೇಳ್ತೀನಿ. 2006ರಲ್ಲಿ ಸೆಲ್ ಥೆರಪಿಯವರ ಅಂತರರಾಷ್ಟ್ರೀಯ ಸಂಘ ಒಂದು ಅಳತೆಗೋಲು ಕೊಡ್ತು. ಎಂಎಸ್‌ಸಿ ಅನ್ನಿಸ್ಕೋಬೇಕಾದ್ರೆ ಪ್ಲಾಸ್ಟಿಕ್ ಡಿಶ್‌ಗೆ ಅಂಟಿ ಬೆಳೀಬೇಕು, ನೂರಕ್ಕೆ 95ಕ್ಕಿಂತ ಜಾಸ್ತಿ ಸೆಲ್‌ಗಳಲ್ಲಿ ಸಿಡಿ 73, ಸಿಡಿ 90, ಸಿಡಿ 105 ಇರಬೇಕು, ಸಿಡಿ 45, ಸಿಡಿ 34 ಥರದ ರಕ್ತದ ಗುರುತುಗಳು ನೂರಕ್ಕೆ 2ಕ್ಕಿಂತ ಜಾಸ್ತಿ ಸೆಲ್‌ಗಳಲ್ಲಿ ಇರಬಾರದು, ಆಮೇಲೆ ಮೂಳೆ, ಕೊಬ್ಬು, ಮೃದ್ವಸ್ಥಿ ಮೂರೂ ಆಗೋ ತಾಕತ್ತು ಇರಬೇಕು. ಆ ಪಟ್ಟಿನ ಮನುಷ್ಯರ ಸೆಲ್‌ಗೆ ಅಂತ ಬರೆದಿದ್ದು, ಅದರಲ್ಲೇ ಹಾಗೆ ಹೇಳಿದ್ದಾರೆ ಕೂಡ. ನಾವು ಪಶುವೈದ್ಯಕೀಯದವರು ಅದನ್ನ ಎತ್ತಿ ಆಡು, ಕುದುರೆ, ಎಮ್ಮೆ, ನಾಯಿ ಎಲ್ಲದಕ್ಕೂ ತೊಡಿಸಿಬಿಟ್ವಿ, ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ.

ಕಿಟ್‌ನಲ್ಲಿರೋ ಆಂಟಿಬಾಡಿಗಳು ಮನುಷ್ಯರ ಪ್ರೋಟೀನ್ ತೋರಿಸಿ ತಯಾರು ಮಾಡಿದ ಮೊನೋಕ್ಲೋನಲ್‌ಗಳು. ಮೊನೋಕ್ಲೋನಲ್ ಅಂದ್ರೆ ಪ್ರೋಟೀನ್‌ನ ಒಂದು ಸಣ್ಣ ಮೂಲೆಯನ್ನ ಮಾತ್ರ ಗುರುತು ಹಿಡಿಯೋದು, ಆಡಿನಲ್ಲಿ ಆ ಮೂಲೆ ಎರಡು ಅಮೈನೋ ಆಸಿಡ್ ಬೇರೆ ಇದ್ರೂ ಸಾಕು, ಅಂಟಲ್ಲ. ಪ್ರೋಟೀನ್ ಅಲ್ಲೇ ಕೂತಿರುತ್ತೆ, ಮಷೀನ್ ನೆಗೆಟಿವ್ ಅನ್ನುತ್ತೆ. ಸಿಡಿ 44, ಸಿಡಿ 29 ಥರದವು ಪ್ರಾಣಿಗಳ ನಡುವೆ ಅಷ್ಟಾಗಿ ಬದಲಾಗಿಲ್ಲ, ಐಎಂ7 ಅನ್ನೋ ಸಿಡಿ 44 ಆಂಟಿಬಾಡಿನ ಇಲಿಗೆ ಅಂತ ಮಾಡಿದ್ದು, ಅದು ಕುದುರೆ, ದನ, ಹಂದಿ, ನಾಯಿ, ಬೆಕ್ಕು ಎಲ್ಲಕ್ಕೂ ಅಂಟುತ್ತೆ. ನಿಮಗೆ ಅದೊಂದೇ ಪಾಸಿಟಿವ್ ಬಂದಿದ್ದು ಆಶ್ಚರ್ಯ ಇಲ್ಲ. ಕುದುರೆಯವರದ್ದೂ ಇದೇ ಗೋಳು.

ಹಾಗಾದ್ರೆ ಏನ್ಮಾಡಬೇಕು. ಮೊದಲು ಮಾಡಬೇಕಾಗಿದ್ದು, ಬಹಳ ಜನ ಮಾಡದೇ ಇರೋದು: ಆಂಟಿಬಾಡಿ ಆಡಿಗೆ ಅಂಟುತ್ತಾ ಅಂತ ಆಡಿನದ್ದೇ ಒಂದು ಖಾತ್ರಿ ಸೆಲ್ ಮೇಲೆ ನೋಡೋದು. ಸಿಡಿ 45 ನೆಗೆಟಿವ್ ಅಂತ ಥೀಸಿಸ್‌ನಲ್ಲಿ ಬರೀತೀರಲ್ಲ, ಅದೇ ಆಂಟಿಬಾಡಿನ ಆಡಿನ ರಕ್ತದ ಬಿಳಿಕಣಕ್ಕೆ ಹಾಕಿ. ಅಲ್ಲೂ ನೆಗೆಟಿವ್ ಬಂತು ಅಂದ್ರೆ ನಿಮ್ಮ ನೆಗೆಟಿವ್‌ಗೆ ಮೂರು ಕಾಸಿನ ಬೆಲೆ ಇಲ್ಲ. ಪ್ರಾಣಿಗಳ ಎಂಎಸ್‌ಸಿ ಪೇಪರ್‌ಗಳಲ್ಲಿ ಸಿಡಿ 34, ಸಿಡಿ 45 ಇಲ್ಲವೇ ಇಲ್ಲ ಅಂತ ಖುಷಿಯಾಗಿ ಬರೆದಿರೋದನ್ನ ನೋಡಿದಾಗೆಲ್ಲ ನನಗೆ ಈ ಅನುಮಾನ ಬರುತ್ತೆ, ಆಂಟಿಬಾಡಿ ಅಂಟದೇ ಇದ್ದಿದ್ದನ್ನೇ ಶುದ್ಧತೆ ಅಂತ ಬರ್ಕೊಂಡಿದ್ದಾರಾ ಅಂತ. ಪಾಸಿಟಿವ್‌ಗೆ ಕಂಟ್ರೋಲ್ ಕೇಳೋ ರಿವ್ಯೂಯರ್‌ಗಳು ನೆಗೆಟಿವ್‌ಗೆ ಕೇಳೋದು ಅಪರೂಪ.

ಎರಡನೇದು, ಪ್ರೋಟೀನ್ ಸಿಗದಿದ್ರೆ ಜೀನ್ ಹಿಡೀರಿ. ಆಡಿನ ಸೀಕ್ವೆನ್ಸ್ ನೋಡಿ ಪ್ರೈಮರ್ ಮಾಡಿಸಿ ಆರ್‌ಟಿ-ಪಿಸಿಆರ್ (ಜೀನ್ ಕೆಲಸ ಮಾಡ್ತಿದೆಯಾ ಅಂತ ಹೇಳೋ ಟೆಸ್ಟ್)ನಲ್ಲಿ ಸಿಡಿ 73, 90, 105 ಇದೆಯಾ ನೋಡಿ. ಅದು ಫ್ಲೋ ಥರ ಒಂದೊಂದು ಸೆಲ್ ಲೆಕ್ಕ ಕೊಡಲ್ಲ, ಎಲ್ಲ ರುಬ್ಬಿ ಒಟ್ಟು ಹೇಳುತ್ತೆ, ಆದ್ರೂ ಇಲ್ಲದಕ್ಕಿಂತ ವಾಸಿ. ಜೊತೆಗೆ ಮೂಳೆ, ಕೊಬ್ಬು, ಮೃದ್ವಸ್ಥಿ ಮಾಡಿ ತೋರಿಸಿ, ಆ ಮೂರು ಸ್ಟೇನಿಂಗ್ ಚೆನ್ನಾಗಿ ಬಂದ್ರೆ ಎಕ್ಸಾಮಿನರ್ ಬಾಯಿ ಅರ್ಧ ಮುಚ್ಚುತ್ತೆ.

ಮೂರನೇದು ಸಣ್ಣ ವಿಷಯ ಆದ್ರೆ ಕೈ ಕಚ್ಚೋದು ಇಂಥವೇ. ಡಿಶ್‌ನಿಂದ ಸೆಲ್ ಎಬ್ಬಿಸೋಕೆ ಟ್ರಿಪ್ಸಿನ್ ಜಾಸ್ತಿ ಹೊತ್ತು ಬಿಟ್ರೆ ಮೈಮೇಲಿನ ಪ್ರೋಟೀನ್‌ನೇ ಕತ್ತರಿಸಿ ಹಾಕುತ್ತೆ, ಆಮೇಲೆ ಅಂಟೋಕೆ ಏನಿರುತ್ತೆ. ಸತ್ತ ಸೆಲ್‌ಗಳು ಕಂಡಕಂಡ ಆಂಟಿಬಾಡಿನೆಲ್ಲ ಅಂಟಿಸ್ಕೊಂಡು ಸುಳ್ಳು ಪಾಸಿಟಿವ್ ಕೊಡ್ತವೆ, 7-ಎಎಡಿ ಥರದ ಡೈ ಹಾಕಿ ಅವನ್ನ ಹೊರಗಿಡಿ. ಇನ್ನೊಂದು, ಸೆಕೆಂಡರಿ ಆಂಟಿಬಾಡಿ (ಮೊದಲ ಆಂಟಿಬಾಡಿಗೆ ಅಂಟೋ ಇನ್ನೊಂದು ಆಂಟಿಬಾಡಿ) ಬಾಟಲಿ ಮೇಲೆ ಆಂಟಿ-ಗೋಟ್ ಅಂತ ಇದ್ರೆ ಹುಷಾರು, ನಿಮ್ಮ ಸ್ಯಾಂಪಲ್‌ನಲ್ಲಿ ಆಡಿನ ಬಿ ಸೆಲ್ (ಆಂಟಿಬಾಡಿ ಮಾಡೋ ಬಿಳಿಕಣ) ಇದ್ರೆ ಅವುಗಳ ಮೈಮೇಲೇ ಆಡಿನ ಆಂಟಿಬಾಡಿ ಇರುತ್ತಲ್ಲ, ಸೆಕೆಂಡರಿ ನೇರ ಹೋಗಿ ಅದಕ್ಕೇ ಅಂಟ್ಕೊಳ್ಳುತ್ತೆ. ಇದನ್ನ ಕೇಳಿ ನಗ್ತೀರಿ, ನಾನು ಒಂದು ವಾರ ಹೊಸ ಸೆಲ್ ಗುಂಪು ಸಿಕ್ತು ಅಂತ ಕುಣಿದಾಡಿದ್ದೆ.

ಮನುಷ್ಯರ ಆಸ್ಪತ್ರೆಯವರನ್ನ ನೋಡಿ ಹೊಟ್ಟೆಕಿಚ್ಚಾಗುತ್ತೆ ಒಮ್ಮೊಮ್ಮೆ. ಅಲ್ಲಿ ರಕ್ತದ ಸ್ಟೆಮ್ ಸೆಲ್ ಕಸಿ ಮಾಡೋವಾಗ ಸಿಡಿ 34 ಸೆಲ್ ರೋಗಿಯ ತೂಕದ ಪ್ರತಿ ಕೆಜಿಗೆ ಕನಿಷ್ಠ 20 ಲಕ್ಷ ಇದೆಯಾ ಅಂತ ಫ್ಲೋ ಹೇಳಿದ ಮೇಲೇ ಮುಂದಿನ ಹೆಜ್ಜೆ, ಅಷ್ಟು ನಂಬಿಕೆ. ನಲವತ್ತು ವರ್ಷದಿಂದ ಆಂಟಿಬಾಡಿಗಳಿಗೆ ಸಿಡಿ ನಂಬರ್ ಕೊಟ್ಟು ಒಪ್ಪಿಕೊಂಡು ಬಂದಿದ್ದರ ಫಲ ಅದು, 1982ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿದ್ದು. ಆಡಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಅಂದ ಹಾಗೆ ಆಂಟಿಬಾಡಿ ಇಲ್ಲದೆಯೂ ರಕ್ತದ ಸ್ಟೆಮ್ ಸೆಲ್ ಹಿಡಿಯೋ ಒಂದು ಉಪಾಯ ಇದೆ. ಮೇಲೆ ಮಾಲೂರಿನವರಿಗೆ ಹೇಳಿದ ಅದೇ ಹೋಕ್ಸ್ಟ್ ಡೈ. 1996ರಲ್ಲಿ ಮಾರ್ಗರೆಟ್ ಗುಡೆಲ್ ಮತ್ತು ಜೊತೆಯವರು ಇಲಿ ಮೂಳೆಮಜ್ಜೆಗೆ ಈ ಡೈ ಹಾಕಿದಾಗ ಬೇರೆ ಸೆಲ್‌ಗಳೆಲ್ಲ ಹೊಳೆದ್ರೆ ಕೆಲವೇ ಕೆಲವು ಮಂಕಾಗಿ ಒಂದು ಪಕ್ಕಕ್ಕೆ ಬಾಲದ ಥರ ನಿಂತವು, ಅವು ಡೈಯನ್ನ ಪಂಪ್ ಮಾಡಿ ಹೊರಗೆ ಎಸೀತಿದ್ವು, ನೋಡಿದ್ರೆ ಸ್ಟೆಮ್ ಸೆಲ್ ಅಲ್ಲೇ ಗುಂಪುಗೂಡಿದ್ವು. ಸೈಡ್ ಪಾಪ್ಯುಲೇಶನ್ ಅಂತ ಹೆಸರು. ಪಂಪಿಗೆ ಯಾವ ಪ್ರಾಣಿ ಅನ್ನೋ ಹಂಗಿಲ್ಲ. ಡೈ ಪ್ರಮಾಣ, ಬಿಸಿ, ಹೊತ್ತು ಸ್ವಲ್ಪ ಏರುಪೇರಾದ್ರೂ ಬಾಲ ಮಾಯ ಆಗುತ್ತೆ ಅನ್ನೋದೊಂದು ತಲೆನೋವು. ನಿಮ್ಮ ಎಂಎಸ್‌ಸಿಗೆ ಇದು ನೇರ ಉತ್ತರ ಅಲ್ಲ, ಗೊತ್ತಿರಲಿ ಅಂತ ಹೇಳಿದೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಒಂಬತ್ತು ವರ್ಷ, ಸೊಂಟದ ಕೀಲು ಸವೆದಿದೆ. ಒಂದು ಕ್ಲಿನಿಕ್‌ನಲ್ಲಿ ಸ್ಟೆಮ್ ಸೆಲ್ ಕೊಡ್ತೀವಿ ಅಂದ್ರು, ಫ್ಲೋ ಸೈಟೋಮೆಟ್ರಿ ರಿಪೋರ್ಟ್ ಕೂಡ ತೋರಿಸಿದ್ರು, 98% ಅಂತಿದೆ. ಕೊಡಿಸಬಹುದಾ? – ಮೈಸೂರು

98% ಏನು ಅಂತ ಕೇಳಿದ್ರಾ? ಅದೇ ಮುಖ್ಯ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾಗಬಾರದು. ನೀವು ಕಳಿಸಿದ ಫೋಟೋಲಿ ಕಾಣ್ತಿರೋದು ಸಿಡಿ 44 ಮತ್ತು ಸಿಡಿ 90 ಎರಡೇ. ಇವೆರಡೂ ಚರ್ಮದ ಕೆಳಗಿನ ಮಾಮೂಲಿ ಫೈಬ್ರೋಬ್ಲಾಸ್ಟ್‌ನಲ್ಲೂ ಇರ್ತವೆ. ಹಾಗಾಗಿ ಆ ಕಾಗದ ಹೇಳೋದು ಇಷ್ಟೇ, ಟ್ಯೂಬಿನಲ್ಲಿರೋದು ಬಹುಪಾಲು ಅಂಟಿ ಬೆಳೆಯೋ ಜಾತಿ ಸೆಲ್. ನೆಗೆಟಿವ್ ಗುರುತು ನೋಡಿಲ್ಲ, ಎಷ್ಟು ಸೆಲ್ ಬದುಕಿವೆ ಅಂತಿಲ್ಲ, ಬ್ಯಾಕ್ಟೀರಿಯಾ ಇಲ್ಲ ಅನ್ನೋ ಟೆಸ್ಟ್ ಕಾಣಲಿಲ್ಲ, ಮುಖ್ಯವಾಗಿ ಆ ರಿಪೋರ್ಟ್ ನಿಮ್ಮ ನಾಯಿಗೆ ಕೊಡೋ ಬ್ಯಾಚಿಂದೇನಾ ಇಲ್ಲ ಎಲ್ಲರಿಗೂ ತೋರಿಸೋ ಒಂದೇ ಕಾಗದಾನಾ? ಇಷ್ಟು ಕೇಳಿ. ಅದೇ ದಿನ ಕೊಬ್ಬು ತೆಗೆದು ಅದೇ ದಿನ ಚುಚ್ಚೋದಾದ್ರೆ ಅದು ಬೆಳೆಸಿದ ಎಂಎಸ್‌ಸಿ ಅಲ್ಲವೇ ಅಲ್ಲ, ಬಗೆಬಗೆಯ ಸೆಲ್ ಬೆರೆತ ಗೊಜ್ಜು, ಅದರಲ್ಲಿ ಎಂಎಸ್‌ಸಿ ಪಾಲು ಸಣ್ಣದು.

ವಿದ್ಯೆಯೇ ಸುಳ್ಳು ಅಂತ ಹೇಳ್ತಿಲ್ಲ. ಯುರೋಪ್‌ನಲ್ಲಿ 2019ರಲ್ಲಿ ಕುದುರೆ ಕುಂಟೋದಕ್ಕೆ ಆರ್ಟಿ-ಸೆಲ್ ಫೋರ್ಟೆ ಅಂತ ಒಂದು ಸ್ಟೆಮ್ ಸೆಲ್ ಔಷಧಿಗೆ ಒಪ್ಪಿಗೆ ಸಿಕ್ತು, ಪ್ರಾಣಿಗಳಿಗೆ ಅಲ್ಲಿ ಇದೇ ಮೊದಲನೇದು. ಆಮೇಲೆ ನಾಯಿ ಕೀಲುನೋವಿಗೂ ಒಂದು ಬಂತು, ಡಾಗ್‌ಸ್ಟೆಮ್ ಅಂತ, ಅದರೊಳಗಿರೋ ಸೆಲ್ ನಾಯಿದಲ್ಲ, ಕುದುರೆ ಹೊಕ್ಕುಳಬಳ್ಳಿದು! ಅವು ಸವೆದ ಮೃದ್ವಸ್ಥಿಯನ್ನ ಹೊಸದಾಗಿ ಕಟ್ಟಿಕೊಡ್ತವೆ ಅಂತ ಲೆಕ್ಕ ಹಾಕಬೇಡಿ, ಊತ ನೋವು ಕಮ್ಮಿ ಮಾಡೋ ಕೆಲಸ ಅವುಗಳದ್ದು. ಲ್ಯಾಬ್ರಡಾರ್ ಅಂದ್ರಿ, ತೂಕ ಎಷ್ಟಿದೆ? ಬಿಸ್ಕತ್ತು ನಿಲ್ಸಿ ನಾಲ್ಕು ಕೆಜಿ ಇಳಿಸಿ, ಡಾಕ್ಟ್ರು ಬರೆದ ನೋವಿನ ಮಾತ್ರೆ ಸರಿಯಾಗಿ ಕೊಡಿ, ಮನುಷ್ಯರ ಮಾತ್ರೆ ಅಲ್ಲ. ಅದಾದ ಮೇಲೆ ಸ್ಟೆಮ್ ಸೆಲ್ ಮಾತು.

ಪ್ರಶ್ನೆ: ನನ್ನ ಹತ್ರ ಬಂದ ಗೋಲ್ಡನ್ ರಿಟ್ರೀವರ್‌ಗೆ ಗಂಟುಗಳೆಲ್ಲ ಊದಿವೆ, ಸ್ಲೈಡ್‌ನಲ್ಲಿ ಲಿಂಫೋಮಾ (ಬಿಳಿಕಣದ ಕ್ಯಾನ್ಸರ್) ಅನುಮಾನ. ಫ್ಲೋಗೆ ಕಳಿಸೋದು ಉಪಯೋಗ ಇದೆಯಾ, ಹೇಗೆ ಕಳಿಸೋದು? – ಪಶುವೈದ್ಯರು, ಶಿವಮೊಗ್ಗ

ಉಪಯೋಗ ಇದೆ ಡಾಕ್ಟ್ರೇ. ನಾಯಿಗೆ ಆಂಟಿಬಾಡಿ ಬರ ಅಷ್ಟಿಲ್ಲ. ಸಿಡಿ 21 ಬಂದ್ರೆ ಬಿ ಸೆಲ್, ಸಿಡಿ 3 ಮತ್ತು ಸಿಡಿ 5 ಬಂದ್ರೆ ಟಿ ಸೆಲ್, ಸಿಡಿ 34 ಬಂದ್ರೆ ಅಕ್ಯೂಟ್ ಲ್ಯುಕೀಮಿಯಾ ಕಡೆ ಯೋಚನೆ ಮಾಡಬೇಕು. ಬಿ ಆದ್ರೆ ಕೀಮೋಗೆ ಸಾಮಾನ್ಯವಾಗಿ ಚೆನ್ನಾಗಿ ಒಗ್ಗುತ್ತೆ, ಟಿ ಆದ್ರೆ ಕಷ್ಟ. ಆದ್ರೆ ನಿಮ್ಮದು ಗೋಲ್ಡನ್ ಅಂದಿದ್ದಕ್ಕೆ ಒಂದು ಮಾತು, ಆ ತಳಿಲಿ ಟಿ-ಝೋನ್ ಅನ್ನೋ ಒಂದು ಬಗೆ ಜಾಸ್ತಿ, ಅದರಲ್ಲಿ ಟಿ ಸೆಲ್‌ಗಳ ಮೇಲಿರಬೇಕಾದ ಸಿಡಿ 45 ಕಾಣೆ ಆಗಿರುತ್ತೆ. ಅದು ಟಿ ಆದ್ರೂ ಆಮೆ ನಡಿಗೆದು, ವರ್ಷಗಟ್ಟಲೆ ಬದುಕಿದ ನಾಯಿಗಳಿವೆ. ಸ್ಲೈಡ್ ನೋಡಿ ಗಾಬರಿ ಬಿದ್ದು ಕೀಮೋ ಶುರು ಮಾಡೋ ಮೊದಲು ಇದನ್ನ ತಿಳ್ಕೊಳ್ಳೋದು ನಾಯಿಗೂ ಒಳ್ಳೇದು ಮಾಲೀಕರ ಜೇಬಿಗೂ ಒಳ್ಳೇದು.

ಕಳಿಸೋದು ಹೇಗೆ ಅಂದ್ರೆ, ಸೆಲ್ ಬದುಕಿರಬೇಕು. ಫಾರ್ಮಲಿನ್ ವಾಸನೇನೂ ತಾಗಬಾರದು. ಸೂಜಿಲಿ ಎರಡು ಮೂರು ಗಂಟಿಂದ ತೆಗೆದಿದ್ದನ್ನ ಸೀರಮ್ ಬೆರೆಸಿದ ಸಲೈನ್‌ಗೋ ಮೀಡಿಯಮ್‌ಗೋ ಬಿಟ್ಟು, ದ್ರವ ಮೋಡ ಕವಿದ ಹಾಗೆ ಮಂಜಾಗೋವರೆಗೂ ಹಾಕಿ, ತಣ್ಣಗಿಟ್ಟು, ಫ್ರೀಜ್ ಮಾಡದೆ, ಒಂದೆರಡು ದಿನದೊಳಗೆ ತಲುಪಿಸಿ. ಶನಿವಾರ ಸಂಜೆ ಬಸ್ಸಿಗೆ ಹಾಕಬೇಡಿ. ಲ್ಯಾಬ್‌ಗೆ ಮೊದಲೇ ಫೋನ್ ಮಾಡಿ ನಾಯಿ ಪ್ಯಾನೆಲ್ ಇದೆಯಾ ಅಂತ ಕೇಳಿ, ಮನುಷ್ಯರ ಲ್ಯಾಬ್‌ನವರು ನೋಡೋಣ ಕಳಿಸಿ ಅಂದ್ರೆ ಬೇಡ. ಒಂದೇ ಉದಾಹರಣೆ ಕೊಡ್ತೀನಿ: ಮನುಷ್ಯರ ನ್ಯೂಟ್ರೋಫಿಲ್ (ಒಂದು ಬಗೆ ಬಿಳಿಕಣ) ಮೇಲೆ ಟಿ ಸೆಲ್ ಗುರುತಾದ ಸಿಡಿ 4 ಇರಲ್ಲ, ನಾಯಿ ನ್ಯೂಟ್ರೋಫಿಲ್ ಮೇಲೆ ಇರುತ್ತೆ. ಗೊತ್ತಿಲ್ಲದವರು ನೋಡಿದ್ರೆ ಟಿ ಸೆಲ್ ಹೊಳೆ ಹರಿದಿದೆ ಅಂದ್ಕೋತಾರೆ.

ಪ್ರಶ್ನೆ: ಪಶು ಆಸ್ಪತ್ರೆಗಳಲ್ಲಿ ಇಂಥ ಮಷೀನ್ ಯಾಕಿಲ್ಲ? ಹಾಲಿನ ಟೆಸ್ಟ್‌ಗೂ ಬಳಸ್ತಾರಂತೆ? – ಮಂಡ್ಯ

ಇದೆ, ಹೆಸರು ಬೇರೆ. ಪೇಟೆಯ ದೊಡ್ಡ ಕ್ಲಿನಿಕ್‌ಗಳಲ್ಲಿ ರಕ್ತ ಹಾಕಿದ್ರೆ ಎರಡು ನಿಮಿಷಕ್ಕೆ ಕೌಂಟ್ ಕೊಡೋ ಲೇಸರ್ ಮಷೀನ್ ಇರುತ್ತಲ್ಲ, ಒಳಗೆ ನಡೆಯೋದು ಇದೇ. ಅದರಲ್ಲಿ ಪ್ರಾಣಿ ಯಾವುದು ಅಂತ ಮೆನುವಿನಲ್ಲಿ ಆರಿಸ್ಬೇಕು, ಆರಿಸದೇ ಹೋದ್ರೆ ಫಜೀತಿ. ಆಡಿನ ಕೆಂಪು ಕಣ 4 ಮೈಕ್ರಾನ್ ಕೂಡ ಸರಿಯಾಗಿಲ್ಲ, ನಾಯಿದು 7. ನಾಯಿ ಸೆಟ್ಟಿಂಗ್‌ನಲ್ಲಿ ಆಡಿನ ರಕ್ತ ಹಾಕಿದ್ರೆ ಕೆಂಪು ಕಣನೆಲ್ಲ ಪ್ಲೇಟ್‌ಲೆಟ್ ಅಂತ ಎಣಿಸಿ ಕೂರಬಹುದು.

ಹಾಲಿಗೂ ಹೌದು. ಕೆಚ್ಚಲುಬಾವು ಒಳಗೊಳಗೇ ಶುರುವಾದ್ರೆ ಹಾಲಿನಲ್ಲಿ ಬಿಳಿಕಣ ಏರುತ್ತೆ. ಡೆನ್ಮಾರ್ಕ್‌ನ ಫಾಸ್ ಕಂಪನಿಯ ಮಷೀನ್‌ಗಳು ಆ ಕಣಗಳ ಡಿಎನ್‌ಎಗೆ ಡೈ ಹಾಕಿ ಹರಿಸಿ ಎಣಿಸ್ತವೆ. ಒಂದು ಎಂಎಲ್‌ಗೆ 2 ಲಕ್ಷ ದಾಟಿದ್ರೆ ಕೆಚ್ಚಲಲ್ಲಿ ಏನೋ ಇದೆ ಅಂತ ಅರ್ಥ. ಯುರೋಪ್‌ನಲ್ಲಿ ಡೈರಿಗೆ ಹಾಕೋ ಹಾಲಿಗೆ 4 ಲಕ್ಷದ ಮಿತಿ, ಅಮೆರಿಕದಲ್ಲಿ ಏಳೂವರೆ ಲಕ್ಷ. ನಿಮ್ಮ ಕೊಟ್ಟಿಗೆಗೆ ಮಷೀನ್ ಬೇಡ, ನಾಲ್ಕು ಗುಂಡಿ ಇರೋ ಪ್ಲಾಸ್ಟಿಕ್ ತಟ್ಟೆ ಮತ್ತು ಸಿಎಂಟಿ (ಕೆಚ್ಚಲುಬಾವು ಟೆಸ್ಟ್) ದ್ರಾವಣ ಸಾಕು, ಹಾಲು ಲೋಳೆ ಆದ್ರೆ ಅದು ಅದೇ ಡಿಎನ್‌ಎ ಎಳೆ ಬಿಟ್ಟಿದ್ದು.

ಪ್ರಶ್ನೆ: ಕೋಳಿ ರಕ್ತ ಫ್ಲೋಗೆ ಹಾಕಬೇಕು. ಕೆಂಪು ಕಣ ಒಡೆಯೋ ಲೈಸಿಸ್ ಬಫರ್ ಹಾಕಿದ್ರೂ ಕೆಂಪು ಕಣ ಹೋಗ್ತಿಲ್ಲ, ಮಷೀನ್ ಬ್ಲಾಕ್ ಆಯ್ತು, ಫೆಸಿಲಿಟಿಯವರು ಬೈದ್ರು. – ಪಿಎಚ್‌ಡಿ ವಿದ್ಯಾರ್ಥಿ, ಬೆಂಗಳೂರು

ಹ್ಹ ಹ್ಹ. ಬೈಸಿಕೊಂಡವರ ಸಂಘಕ್ಕೆ ಸ್ವಾಗತ, ನಾನು ಅಧ್ಯಕ್ಷ. ನಾನೂ ಶುರುವಿನಲ್ಲಿ ಹೀಗೇ ಮಾಡಿದ್ದೆ, ದನದ ರಕ್ತಕ್ಕೆ ಹಾಕೋ ಅಮೋನಿಯಂ ಕ್ಲೋರೈಡ್‌ನೇ ಕೋಳಿಗೂ ಹಾಕಿ, ಕೆಂಪು ಹೋಗಿ ಸೊಗಸಾಗಿ ಬೆಳ್ಳಗಾಯ್ತು ಅಂತ ಮಷೀನ್‌ಗೆ ಬಿಟ್ಟೆ, ಆಮೇಲೆ ನಾಜಲ್ ಬಿಚ್ಚಿ ತೊಳೆಯೋಕೆ ಅರ್ಧ ದಿನ. ಹಕ್ಕಿಗಳ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇದೆ ಸ್ವಾಮಿ! ಗೋಡೆ ಒಡೆದ್ರೂ ಗುಂಡುಗುಂಡು ನ್ಯೂಕ್ಲಿಯಸ್ ಹಾಗೇ ಉಳಿಯುತ್ತೆ, ಒಡೆದವುಗಳ ಡಿಎನ್‌ಎ ಗೋಂದು ಥರ ಅಂಟುತ್ತೆ. ಲೈಸಿಸ್ ಬಿಟ್ಟುಬಿಡಿ. ಡೆನ್ಸಿಟಿ ಗ್ರೇಡಿಯಂಟ್ ಮೇಲೆ ತಿರುಗಿಸಿ ಬಿಳಿಕಣ ತೆಗೀರಿ, ಇಲ್ಲಾಂದ್ರೆ ರಕ್ತನ ಚೆನ್ನಾಗಿ ತೆಳು ಮಾಡಿ ಕೋಳಿಯ ಸಿಡಿ 45 ಆಂಟಿಬಾಡಿ ಹಾಕಿ ಅದು ಹೊಳೆದವನ್ನ ಮಾತ್ರ ನೋಡಿ, ಕೆಂಪು ಕಣ ತಾನಾಗೇ ಗೇಟಿನಾಚೆ ಉಳಿಯುತ್ತೆ. ಥ್ರೋಂಬೋಸೈಟ್‌ಗಳೂ (ಪ್ಲೇಟ್‌ಲೆಟ್ ಕೆಲಸ ಮಾಡೋವು) ಕೋಳಿಲಿ ಪೂರ್ತಿ ಸೆಲ್ಲೇ, ಲಿಂಫೋಸೈಟ್ ಪಕ್ಕದಲ್ಲೇ ಬಂದು ಕೂರ್ತವೆ, ಅವನ್ನೂ ಬೇರೆ ಗುರುತು ಹಾಕಿ ತೆಗೀಬೇಕು.

ಬೇಜಾರು ಮಾಡ್ಕೋಬೇಡಿ, ನಿಮಗೆ ತೊಂದ್ರೆ ಕೊಟ್ಟ ಆ ನ್ಯೂಕ್ಲಿಯಸ್ಸನ್ನೇ ಡಿಎನ್‌ಎ ಅಳೆಯೋರು ಮಷೀನ್ ತಿದ್ದೋ ತೂಕದ ಕಲ್ಲಾಗಿ ಬಳಸ್ತಾರೆ. ಇಷ್ಟಕ್ಕೂ ಬಿ ಸೆಲ್ ಅನ್ನೋದರಲ್ಲಿರೋ ಬಿ ಬಂದಿದ್ದು ಕೋಳಿ ಬಾಲದ ಹತ್ರ ಇರೋ ಬರ್ಸಾ ಅನ್ನೋ ಚೀಲದಿಂದ, ಬ್ರೂಸ್ ಗ್ಲಿಕ್ 1956ರಲ್ಲಿ ಅದರ ಕೆಲಸ ಏನು ಅಂತ ತೋರಿಸಿದ್ರು. ಇಮ್ಯುನಾಲಜಿ ಪುಸ್ತಕದಲ್ಲಿ ಕೋಳಿ ಕಾಲು ಮೊದಲೇ ಬಿದ್ದಿದೆ.

ಪ್ರಶ್ನೆ: ನಮ್ಮ ಕಾಲೇಜಲ್ಲಿ ಮಷೀನ್ ಇಲ್ಲ. ಬೆಂಗಳೂರಲ್ಲಿ ಹೊರಗಿನವರು ಬಳಸಬಹುದಾ? – ಎಂವಿಎಸ್ಸಿ ವಿದ್ಯಾರ್ಥಿ

ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಿರೋ ಜಿಕೆವಿಕೆ ಕ್ಯಾಂಪಸ್‌ನಲ್ಲೂ ಐಐಎಸ್‌ಸಿಲೂ ಫ್ಲೋ ಫೆಸಿಲಿಟಿಗಳಿವೆ, ಹೊರಗಿನವರಿಗೆ ಏನು ನಿಯಮ, ಗಂಟೆಗೆ ಎಷ್ಟು ಅನ್ನೋದನ್ನ ಅವರ ವೆಬ್‌ಸೈಟ್‌ನಲ್ಲಿ ನೋಡಿ ಗೈಡ್ ಕೈಲಿ ಮೇಲ್ ಹಾಕಿಸಿ. ಹೆಬ್ಬಾಳದಿಂದ ಅಲ್ಲಿಗೆ ಹತ್ತಿರಾನೇ, ಆದ್ರೆ ಟ್ರಾಫಿಕ್‌ನಲ್ಲಿ ಐಸ್ ಕರಗುತ್ತೆ, ಡಬ್ಬಿ ದೊಡ್ಡದು ತಗೊಂಡೋಗಿ. ಒಂದು ವಿಷಯ ಮುಚ್ಚಿಡಬೇಡಿ: ಸ್ಯಾಂಪಲ್ ಯಾವ ಪ್ರಾಣಿದು, ಆ ಹಿಂಡಿನಲ್ಲಿ ಬ್ರುಸೆಲ್ಲಾ (ಮನುಷ್ಯರಿಗೂ ಹರಡೋ ಬ್ಯಾಕ್ಟೀರಿಯಾ) ಟೆಸ್ಟ್ ಆಗಿದೆಯಾ, ಸೆಲ್ ಫಿಕ್ಸ್ ಮಾಡಿದೀರಾ ಇಲ್ವಾ. ಸಾರ್ಟರ್ ಹನಿ ಚಿಮ್ಮಿಸೋ ಮಷೀನ್, ಸಣ್ಣ ತುಂತುರು ಗಾಳಿಗೆ ಸೇರಬಹುದು, ಮಷೀನ್ ಮುಂದೆ ಕೂತಿರೋ ಆಪರೇಟರ್ ಅದನ್ನ ಉಸಿರಾಡೋದು. ಬರೀ ಅನಲೈಸ್ ಮಾಡೋದಾದ್ರೆ ಪ್ಯಾರಾಫಾರ್ಮಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ ತಗೊಂಡೋಗಿ, ಸಾರ್ಟ್ ಮಾಡಿ ಮತ್ತೆ ಬೆಳೆಸೋದಾದ್ರೆ ಟೆಸ್ಟ್ ರಿಪೋರ್ಟ್ ಜೊತೆಲಿರಲಿ. ಜಾಲರಿ ಕ್ಯಾಪ್ ಇರೋ ಟ್ಯೂಬಲ್ಲಿ ಸೋಸಿ ಹಾಕಿ. ಬ್ಲಾಕ್ ಆದ್ರೆ ಏನಾಗುತ್ತೆ ಅಂತ ಮೇಲಿನ ಕೋಳಿಯವರನ್ನ ಕೇಳಿ.